ಮನೆಯೇ ಚಿಕಿತ್ಸಾಲಯ: ಸಕ್ಕರೆ ಕಾಯಿಲೆಯ ಬೆಕ್ಕಿನ ಆರೈಕೆ

ಜೋಳ, ಸಜ್ಜೆ, ತೊಗರಿಗಳನ್ನು ಸುಗ್ಗಿಯಿಂದ ಸುಗ್ಗಿಯವರೆಗೆ ಮನೆಯೊಳಗೇ ಕಾಪಾಡಿಕೊಳ್ಳಬೇಕಾಗಿದ್ದ ಕುಷ್ಟಗಿ ಸೀಮೆಯ ಒಕ್ಕಲು ಮನೆಗಳಿಗೆ ಬೆಕ್ಕು ಬಂದದ್ದು ಕಾಳಿನ ಕಾವಲಿಗಾಗಿ. ಹಗಲೆಲ್ಲ ಪಡಸಾಲೆಯಲ್ಲಿ ಮಲಗಿ, ಇರುಳಾಯಿತೆಂದರೆ ಇಲಿಯ ಬೆನ್ನು ಹತ್ತಿ, ತನ್ನ ಆಹಾರದ ಬಹುಪಾಲನ್ನು ತಾನೇ ಸಂಪಾದಿಸಿಕೊಳ್ಳುತ್ತಿದ್ದ ಆ ಪ್ರಾಣಿಗೆ ಮನೆಯವರು ಇಡುತ್ತಿದ್ದ ಹಾಲು-ರೊಟ್ಟಿ ಕೇವಲ ಮೇಲೂಟವಾಗಿತ್ತು. ಇಂದು ತಾವರಗೇರಾದಂತಹ ಊರುಗಳಲ್ಲಿ ಎಷ್ಟೋ ಮನೆಗಳಿಂದ ಕಾಳಿನ ಚೀಲಗಳು ಮಾರುಕಟ್ಟೆಗೂ ಗೋದಾಮಿಗೂ ಸರಿದುಹೋಗಿವೆ. ಬೆಕ್ಕು ಮಾತ್ರ ಮಕ್ಕಳ ಸಂಗಾತಿಯಾಗಿ, ವೃದ್ಧರ ಏಕಾಂತದ ಜೊತೆಗಾರನಾಗಿ ಉಳಿದುಕೊಂಡಿದೆ. ಬೇಟೆಯೂ ಅಲೆದಾಟವೂ ಕಡಿಮೆಯಾಗಿ ಊಟ ಮಾತ್ರ ಹೇರಳವಾದ ಈ ಜೀವನಕ್ರಮವು ಮನುಷ್ಯನಿಗೆ ಯಾವ ರೋಗವನ್ನು ತಂದೊಡ್ಡಿತೋ ಅದನ್ನೇ ಬೆಕ್ಕಿಗೂ ತಂದೊಡ್ಡುತ್ತದೆ. ಬೆಕ್ಕಿಗೂ ಮಧುಮೇಹ ಉಂಟೆಂಬುದನ್ನು ಕೇಳಿ ಅನೇಕರು ಆಶ್ಚರ್ಯಪಡುವರು. ಅದಕ್ಕೆ ಚಿಕಿತ್ಸೆಯುಂಟು, ಆ ಚಿಕಿತ್ಸೆ ನಡೆಯಬೇಕಾದ ಸ್ಥಳ ತಮ್ಮ ಮನೆಯೇ ಎಂಬುದನ್ನು ಕೇಳಿದರಂತೂ ಇನ್ನೂ ಹೆಚ್ಚು ಆಶ್ಚರ್ಯಪಡುವರು.

ರೋಗದ ಸ್ವರೂಪ

ಬೆಕ್ಕಿನಲ್ಲಿ ಕಾಣುವ ಮಧುಮೇಹವು ಬಹುಮಟ್ಟಿಗೆ ಮನುಷ್ಯರ ಎರಡನೆಯ ಬಗೆಯ ಮಧುಮೇಹವನ್ನೇ ಹೋಲುತ್ತದೆ. ಮೇದೋಜೀರಕ ಗ್ರಂಥಿಯು ಇನ್ಸುಲಿನ್ನನ್ನು ಸ್ರವಿಸುತ್ತಿದ್ದರೂ ದೇಹದ ಕಣಗಳು ಅದರ ಆಜ್ಞೆಗೆ ಮಣಿಯವು. ಗ್ರಂಥಿಯು ದುಡಿದು ದುಡಿದು ಕ್ಷೀಣಿಸುತ್ತದೆ. ಸಕ್ಕರೆ ರಕ್ತದಲ್ಲಿ ತುಂಬಿಕೊಂಡಿದ್ದರೂ ಕಣಗಳು ಹಸಿದೇ ಇರುತ್ತವೆ. ನಡುವಯಸ್ಸು ದಾಟಿದ, ಮೈ ಬೆಳೆದ ಬೆಕ್ಕುಗಳಿಗೆ, ಅದರಲ್ಲಿಯೂ ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಗಂಡು ಬೆಕ್ಕುಗಳಿಗೆ ಇದರ ಭಯ ಹೆಚ್ಚು. ತುರಿಕೆಗೋ ಮತ್ತಾವುದೋ ಬಾಧೆಗೋ ಪದೇ ಪದೇ ಕೊಡಿಸಿದ ಸ್ಟೀರಾಯ್ಡ್ ಔಷಧವೂ ಇದನ್ನು ಪ್ರಚೋದಿಸಬಲ್ಲುದು.

ಲಕ್ಷಣಗಳನ್ನು ಮೊದಲು ಕಾಣತಕ್ಕವರು ಮನೆಯವರೇ. ನೀರಿನ ಬಟ್ಟಲು ಬೇಗ ಬೇಗ ಬರಿದಾಗುವುದು, ಮೂತ್ರ ಹೆಚ್ಚುವುದು, ಹೊಟ್ಟೆ ತುಂಬ ಉಂಡರೂ ಬೆನ್ನೆಲುಬು ಎದ್ದು ಕಾಣುವಷ್ಟು ಮೈ ಇಳಿಯುವುದು, ನೆಕ್ಕಿಕೊಳ್ಳುವುದನ್ನು ಬಿಟ್ಟು ತುಪ್ಪಳ ಮಾಸುವುದು, ರೋಗ ಬಲಿತಾಗ ಹಿಂಗಾಲಿನ ನರಗಳು ಸೋತು ಹಿಮ್ಮಡಿಯನ್ನು ನೆಲಕ್ಕೂರಿ ನಡೆಯುವುದು ಇವೇ ಆ ಲಕ್ಷಣಗಳು. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 250ರಿಂದ 290 ಮಿಲಿಗ್ರಾಂ ಮೀರಿತೆಂದರೆ ಬೆಕ್ಕಿನ ಮೂತ್ರಪಿಂಡ ಅದನ್ನು ತಡೆಹಿಡಿಯಲಾರದು. ಸಕ್ಕರೆ ಮೂತ್ರದಲ್ಲಿ ಹೊರಬೀಳುವುದು. ಮಧುಮೇಹಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ನಮ್ಮ ಪ್ರಾಚೀನ ವೈದ್ಯರು ಗುರುತಿಸಿದ್ದರು. ಬೆಕ್ಕು ಮೂತ್ರ ಮಾಡಿದ ಮೂಲೆಯಲ್ಲಿ ಇರುವೆಯ ಸಾಲು ಕಂಡ ಗೃಹಿಣಿಯೂ ಅದನ್ನು ಅಲಕ್ಷಿಸಲಾಗದು.

ನಾಯಿಯಿಂದ ಬಂದ ಔಷಧ

1921ರ ಬೇಸಗೆಯಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಎಂಬ ತರುಣರು ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳ ಫಲವಾಗಿ ಇನ್ಸುಲಿನ್ ದೊರಕಿತು. 1922ರ ಜನವರಿಯಲ್ಲಿ ಅದು ಮೊದಲ ಸಲ ಒಬ್ಬ ಬಾಲಕನ ಜೀವವನ್ನುಳಿಸಿತು. ಅನಂತರದ ಆರು ದಶಕಗಳ ಕಾಲ ಜಗತ್ತಿನ ಮಧುಮೇಹಿಗಳು ಬದುಕಿದ್ದು ದನ ಮತ್ತು ಹಂದಿಗಳ ಗ್ರಂಥಿಯಿಂದ ತೆಗೆದ ಇನ್ಸುಲಿನ್ನಿನ ಬಲದಿಂದ. ಸೂಕ್ಷ್ಮಜೀವಿಗಳಿಂದ ಮಾನವ ಇನ್ಸುಲಿನ್ನನ್ನು ತಯಾರಿಸುವ ವಿದ್ಯೆ 1982ರಲ್ಲಿ ಔಷಧದಂಗಡಿಯನ್ನು ಮುಟ್ಟಿತು. ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು 2004ರಲ್ಲಿ ಮಾನವ ಇನ್ಸುಲಿನ್ನನ್ನೂ 2009ರಲ್ಲಿ ದೀರ್ಘಕಾಲ ಕೆಲಸ ಮಾಡುವ ಗ್ಲಾರ್ಜಿನ್ ಎಂಬುದನ್ನೂ ಮಾರುಕಟ್ಟೆಗೆ ತಂದಿತು. ಬೆಕ್ಕಿನ ಇನ್ಸುಲಿನ್ನಿಗೂ ಮನುಷ್ಯನದಕ್ಕೂ ಇರುವ ವ್ಯತ್ಯಾಸ 51 ಅಮೈನೋ ಆಮ್ಲಗಳಲ್ಲಿ ನಾಲ್ಕರದು ಮಾತ್ರವಾದುದರಿಂದ, ಮನುಷ್ಯರಿಗೆಂದು ತಯಾರಾದ ಈ ಗ್ಲಾರ್ಜಿನ್ನೇ ಬೆಕ್ಕಿನಲ್ಲಿಯೂ ಉತ್ತಮ ಫಲವನ್ನು ಕೊಡುತ್ತದೆ. ಪ್ರಾಣಿಗಳ ದೇಹದಿಂದ ಮನುಷ್ಯನು ಪಡೆದ ಈ ಔಷಧದ ಒಂದೆರಡು ಹನಿಯನ್ನು ಮನೆಯ ಪ್ರಾಣಿಯೊಂದಕ್ಕೆ ಕೊಡುವುದು ವೃಥಾ ವ್ಯಯವೆಂದು ಯಾರಾದರೂ ಭಾವಿಸಿದರೆ, ಅದು ವ್ಯಯವಲ್ಲ, ಋಣಸಂದಾಯ ಎಂಬುದೇ ಅದಕ್ಕೆ ಉತ್ತರ.

ದಿನಚರಿಯೇ ಚಿಕಿತ್ಸೆ

ಆರೋಗ್ಯವಂತ ಬೆಕ್ಕಿನ ರಕ್ತದ ಸಕ್ಕರೆ ಸಾಮಾನ್ಯವಾಗಿ 70ರಿಂದ 150ರ ಒಳಗೆ ಇರತಕ್ಕದ್ದು. ಆದರೆ ಅದೇ ಬೆಕ್ಕನ್ನು ಚೀಲದಲ್ಲಿಯೋ ಬುಟ್ಟಿಯಲ್ಲಿಯೋ ಕೂರಿಸಿ, ಬಸ್ಸಿನ ಸದ್ದಿನಲ್ಲಿ ದೂರದ ಊರಿಗೆ ಕೊಂಡೊಯ್ದು, ನಾಯಿ ಬೊಗಳುವ ಆಸ್ಪತ್ರೆಯ ಅಂಗಳದಲ್ಲಿ ಹಿಡಿದು ರಕ್ತ ತೆಗೆದರೆ, ಹೆದರಿಕೆಯೊಂದರಿಂದಲೇ ಸಕ್ಕರೆ 300ನ್ನು ದಾಟಬಹುದು. ಆಸ್ಪತ್ರೆಯಲ್ಲಿ ಕಂಡ ಒಂದು ಸಂಖ್ಯೆಯನ್ನು ನಂಬಿ ಔಷಧವನ್ನು ಏರಿಸಿದರೆ ಆಗಬಹುದಾದ ಅನಾಹುತ ಸಣ್ಣದಲ್ಲ. ಆದುದರಿಂದ, ಹಿಂದಿನ ಒಂದೆರಡು ವಾರಗಳ ಸರಾಸರಿಯನ್ನು ತಿಳಿಸುವ ಫ್ರಕ್ಟೋಸಮಿನ್ ಪರೀಕ್ಷೆಯಿಂದ ಪಶುವೈದ್ಯರು ರೋಗವನ್ನು ನಿಶ್ಚಯಿಸಿದ ಮೇಲೆ, ದಿನದಿನದ ಸತ್ಯವನ್ನು ತಿಳಿಯತಕ್ಕ ಸ್ಥಳ ಬೆಕ್ಕು ನಿರ್ಭಯವಾಗಿ ಮಲಗುವ ಪಡಸಾಲೆಯೇ ಹೊರತು ಬೇರೆಯಲ್ಲ.

ಅದಕ್ಕೆ ಬೇಕಾದ ಯಂತ್ರ ಎಷ್ಟೋ ಮನೆಗಳ ಗೂಡಿನಲ್ಲಿ ಈಗಾಗಲೇ ಇದೆ. ಅಜ್ಜನ ಶುಗರ್ ನೋಡುವ ಗ್ಲುಕೋಮೀಟರಿನಿಂದಲೇ ಬೆಕ್ಕಿನದನ್ನೂ ನೋಡಬಹುದು; ಮನುಷ್ಯರ ಯಂತ್ರವು ಬೆಕ್ಕಿನ ರಕ್ತದಲ್ಲಿ ನಿಜಕ್ಕಿಂತ ತುಸು ಕಡಿಮೆ ತೋರಿಸುವುದುಂಟಾದುದರಿಂದ, ಯಾವಾಗಲೂ ಒಂದೇ ಯಂತ್ರವನ್ನು ಬಳಸಿ, ಅದು ಯಾವುದೆಂಬುದನ್ನು ವೈದ್ಯರಿಗೆ ತಿಳಿಸಿರಬೇಕು. ಸೂಜಿಯನ್ನು ಮಾತ್ರ ಬೆಕ್ಕಿಗೆ ಬೇರೆಯಾಗಿಯೇ ಇರಿಸತಕ್ಕದ್ದು. ಬೆಚ್ಚನೆಯ ನೀರಿನಲ್ಲಿ ಹಿಂಡಿದ ಬಟ್ಟೆಯನ್ನು ಕಿವಿಗೆ ಒತ್ತಿ, ಕಿವಿಯ ಅಂಚಿನುದ್ದಕ್ಕೂ ಹರಿಯುವ ಸಣ್ಣ ರಕ್ತನಾಳವು ಉಬ್ಬಿದಾಗ, ಹಿಂಬದಿಗೆ ಹತ್ತಿಯನ್ನು ಆನಿಸಿ ಚುಚ್ಚಿದರೆ ಸಾಸಿವೆಯಷ್ಟು ರಕ್ತ ಮೂಡುತ್ತದೆ. ಪರೀಕ್ಷೆಗೆ ಅಷ್ಟೇ ಸಾಕು. ಪ್ರತಿ ಬಾರಿಯೂ ಅದಾದೊಡನೆ ಬೇಯಿಸಿದ ಕೋಳಿಯ ತುಣುಕೊಂದನ್ನು ಕೊಟ್ಟರೆ ಬೆಕ್ಕು ಈ ವಿಧಿಗೆ ಕ್ರಮೇಣ ಒಗ್ಗಿಕೊಳ್ಳುವುದು.

ಇನ್ಸುಲಿನ್ನನ್ನು ಹನ್ನೆರಡು ಗಂಟೆಗೊಮ್ಮೆ, ಬೆಳಿಗ್ಗೆ ಏಳಕ್ಕೆ ಕೊಟ್ಟರೆ ಸಂಜೆ ಏಳಕ್ಕೆ, ಊಟದೊಡನೆ ಕೊಡುವುದು ವಾಡಿಕೆ. ಸಾಮಾನ್ಯ ಗಾತ್ರದ ಬೆಕ್ಕಿಗೆ ವೈದ್ಯರು ಬಹುಶಃ ಒಂದು ಯೂನಿಟ್ಟಿನಿಂದಲೇ ಆರಂಭಿಸುವರು. ಇಲ್ಲಿ ಅತ್ಯಂತ ಎಚ್ಚರಿಕೆಯ ಮಾತೊಂದಿದೆ. ನಮ್ಮ ದೇಶದಲ್ಲಿ ಮಿಲಿಲೀಟರಿಗೆ 40 ಯೂನಿಟ್ ಬಲದ ಇನ್ಸುಲಿನ್ನೂ 100 ಯೂನಿಟ್ ಬಲದ ಇನ್ಸುಲಿನ್ನೂ ಎರಡೂ ಮಾರಾಟವಾಗುತ್ತವೆ; 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರ ಸಿರಿಂಜಿಗೆ ಕಿತ್ತಳೆ ಬಣ್ಣದ ಮುಚ್ಚಳ. ಗ್ಲಾರ್ಜಿನ್ ಸಾಮಾನ್ಯವಾಗಿ 100ರ ಬಲದ್ದು. ಅದನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎರಡರ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು ಎರಡಲ್ಲ, ಐದು ಯೂನಿಟ್. ನಾಲ್ಕು ಕಿಲೋ ತೂಕದ ಪ್ರಾಣಿಗೆ ಅದು ಮಾರಕವಾಗಬಹುದು. ಮೆಡಿಕಲ್ ಅಂಗಡಿಯಲ್ಲಿ ಬಾಟಲಿಯನ್ನೂ ಸಿರಿಂಜನ್ನೂ ಒಟ್ಟಿಗೆ ಹಿಡಿದು ಸಂಖ್ಯೆಗಳನ್ನು ಹೋಲಿಸದೆ ಹಣ ಕೊಡಬಾರದು.

ಹೊಟ್ಟೆಯ ಪಕ್ಕದ ಸಡಿಲ ಚರ್ಮವನ್ನು ಬೆರಳುಗಳಿಂದ ಎತ್ತಿ, ಅಲ್ಲಿ ಉಂಟಾಗುವ ಪೊಳ್ಳಿನೊಳಗೆ ಸೂಜಿಯನ್ನು ತೂರಿಸಬೇಕು. ಬೆಕ್ಕು ಮಿಸುಕಿ ಔಷಧವು ಒಳಹೋಯಿತೋ ತುಪ್ಪಳದಲ್ಲಿಯೇ ಚೆಲ್ಲಿತೋ ಎಂಬ ಸಂಶಯ ಬಂದರೆ ಎರಡನೆಯ ಸಲ ಕೊಡಲೇಬಾರದು. ಒಂದು ಹೊತ್ತು ಸಕ್ಕರೆ ಏರಿದ್ದರೆ ಬೆಕ್ಕು ಸಹಿಸೀತು, ಎರಡು ಪಟ್ಟು ಇನ್ಸುಲಿನ್ನನ್ನು ಸಹಿಸದು. ಊಟ ಮುಟ್ಟದ ದಿನ ವೈದ್ಯರನ್ನು ಕೇಳದೆ ಪೂರ್ಣ ಪ್ರಮಾಣವನ್ನು ಕೊಡಕೂಡದು. ತಿರುಗಾಟದ ಬೆಕ್ಕು ಹೊತ್ತಿಗೆ ಸರಿಯಾಗಿ ಮನೆಯಲ್ಲಿರುವಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಅಂಗವೇ. ವೈದ್ಯರು ಹೇಳಿದ ದಿನ ಹನ್ನೆರಡು ಗಂಟೆಗಳ ಕಾಲ ಎರಡು ಗಂಟೆಗೊಮ್ಮೆ ಸಕ್ಕರೆಯನ್ನು ನೋಡಿ, ಅದು ಎಷ್ಟರವರೆಗೆ, ಯಾವಾಗ ಇಳಿಯಿತೆಂಬುದನ್ನು ನೋಟುಬುಕ್ಕಿನಲ್ಲಿ ಬರೆದಿಡಬೇಕು. ಪ್ರಮಾಣವನ್ನು ಏರಿಸುವುದೋ ಇಳಿಸುವುದೋ ಎಂಬ ನಿರ್ಣಯ ಆ ಬರಹದಿಂದ ಹೊರಡುವುದೇ ಕ್ರಮ.

ಬಿಸಿಲು ನಾಡಿನ ಇನ್ನೊಂದು ಕಷ್ಟ ಔಷಧದ ರಕ್ಷಣೆ. ತೆರೆಯದ ಬಾಟಲಿಯನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಿದ್ದು ನಿರುಪಯೋಗಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ಮುಟ್ಟುವ ಈ ಭಾಗದಲ್ಲಿ ಕರೆಂಟು ಬಹಳ ಹೊತ್ತು ಹೋದರೆ, ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕ ಗಡಿಗೆಯನ್ನಿಟ್ಟು, ನಡುವೆ ಉಸುಕು ತುಂಬಿ ನೀರುಣಿಸಿ, ಒಳಗಿನ ಗಡಿಗೆಯಲ್ಲಿ ಒಣ ಡಬ್ಬಿಯಲ್ಲಿ ಬಾಟಲಿಯನ್ನು ಇರಿಸಬಹುದು. ಗಾಳಿ ಒಣದಾಗಿದ್ದಷ್ಟೂ ನೀರು ಬೇಗ ಆವಿಯಾಗಿ ಒಳಗೆ ತಂಪು ಹೆಚ್ಚುವುದರಿಂದ ನಮ್ಮ ಬೇಸಗೆಯ ಶುಷ್ಕತೆಯೇ ಇಲ್ಲಿ ಸಹಾಯಕ್ಕೆ ಬರುತ್ತದೆ. ಅದು ಫ್ರಿಜ್ಜಿಗೆ ಸಮವಲ್ಲ, ಆಪತ್ಕಾಲದ ಆಸರೆ ಮಾತ್ರ.

ಊಟ, ಆಪತ್ತು, ಆಶಾವಾದ

ಬೆಕ್ಕು ಪ್ರಕೃತಿಯಿಂದ ಮಾಂಸಾಹಾರಿ. ಪಿಷ್ಟವನ್ನು ಜೀರ್ಣಿಸುವ ಶಕ್ತಿ ಅದರ ಜೊಲ್ಲಿನಲ್ಲಿ ಇಲ್ಲವೆನ್ನುವಷ್ಟು ಅಲ್ಪ. ಒಮ್ಮೆಗೇ ಬಂದೊದಗಿದ ಸಕ್ಕರೆಯನ್ನು ಸಂಭಾಳಿಸುವ ಸಾಮರ್ಥ್ಯ ಅದರ ಯಕೃತ್ತಿಗೆ ಕಡಿಮೆ. ಕಣ್ಣಿಗೂ ಹೃದಯಕ್ಕೂ ಅತ್ಯವಶ್ಯವಾದ ಟೌರಿನ್ ಎಂಬ ಪದಾರ್ಥ ಕಾಳುಕಡಿಗಳಲ್ಲಿ ದೊರೆಯುವುದಿಲ್ಲ. ಆದುದರಿಂದ ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿಯನ್ನೂ ಹಾಲನ್ನವನ್ನೂ ಎಷ್ಟೇ ವಾತ್ಸಲ್ಯದಿಂದ ಇಟ್ಟರೂ ಮಧುಮೇಹಿ ಬೆಕ್ಕಿಗೆ ಅದು ಅಪಥ್ಯ. ಮೊಟ್ಟೆ, ಮೀನು, ಕೋಳಿ, ಅದರ ಹೃದಯ ಮತ್ತು ಅಲ್ಪ ಪ್ರಮಾಣದ ಯಕೃತ್ತು, ಇಲ್ಲವೇ ಪಿಷ್ಟ ಕಡಿಮೆಯಿರುವ ಸಿದ್ಧ ಆಹಾರ ಇವೇ ಅದಕ್ಕೆ ಪಥ್ಯ. ಮನೆಯಲ್ಲಿ ಮಾಂಸ ಬೇಯಿಸದ ಆಚಾರವುಳ್ಳವರು ನಮ್ಮಲ್ಲಿ ಅನೇಕರು. ಅಂತಹವರು ಬೆಕ್ಕಿನ ಸಿದ್ಧ ಆಹಾರದ ಪೊಟ್ಟಣವನ್ನು ಬೇರೆ ಪಾತ್ರೆಯಲ್ಲಿ ಇಟ್ಟು ತಮ್ಮ ಆಚಾರವನ್ನೂ ಬೆಕ್ಕಿನ ಪ್ರಾಣವನ್ನೂ ಉಳಿಸಿಕೊಳ್ಳಬಹುದು. ಇನ್ಸುಲಿನ್ ನಡೆಯುತ್ತಿರುವಾಗ ಪಿಷ್ಟವನ್ನು ಒಮ್ಮೆಗೇ ತಗ್ಗಿಸಿದರೆ ಸಕ್ಕರೆ ಅಪಾಯಕರವಾಗಿ ಇಳಿಯುವುದರಿಂದ ಊಟದ ಬದಲಾವಣೆಯನ್ನೂ ವೈದ್ಯರಿಗೆ ತಿಳಿಸಿಯೇ ಮಾಡತಕ್ಕದ್ದು.

ಸಕ್ಕರೆ 60ಕ್ಕಿಂತ ಕೆಳಗಿಳಿಯುವುದೇ ಈ ಚಿಕಿತ್ಸೆಯ ದೊಡ್ಡ ಅಪಾಯ. ಬೆಕ್ಕು ತೂರಾಡಿದರೆ, ನಡುಗಿದರೆ, ಮಂಕಾಗಿ ಮೂಲೆ ಸೇರಿದರೆ, ಎಚ್ಚರವಿದ್ದಲ್ಲಿ ಕೂಡಲೇ ಊಟ ಕೊಡಬೇಕು. ಸೆಳವು ಬಂದರೆ ಬಾಯಿಗೆ ಏನನ್ನೂ ಸುರಿಯದೆ ಜೇನುತುಪ್ಪವನ್ನೋ ಗಟ್ಟಿ ಸಕ್ಕರೆ ನೀರನ್ನೋ ಒಸಡಿಗೆ ಸವರಿ ವೈದ್ಯರ ಬಳಿಗೆ ಧಾವಿಸಬೇಕು. ಪಶು ಚಿಕಿತ್ಸೆಯ ಸಹಾಯವಾಣಿ 1962 ಎಂಬ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿರುವುದು ಒಳ್ಳೆಯದು.

ಇಷ್ಟೆಲ್ಲ ಶ್ರಮಕ್ಕೆ ಪ್ರತಿಫಲವೂ ಅಷ್ಟೇ ದೊಡ್ಡದು. ಕರ್ಸ್ಟನ್ ರೂಂಪ್ ಮತ್ತು ಜಾಕಿ ರ‍್ಯಾಂಡ್ ಎಂಬ ಸಂಶೋಧಕಿಯರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಡೆಯರು ಮನೆಯಲ್ಲಿಯೇ ಸಕ್ಕರೆ ನೋಡಿ, ಗ್ಲಾರ್ಜಿನ್ ಕೊಟ್ಟು, ಪಿಷ್ಟ ಕಡಿಮೆಯಾದ ಆಹಾರ ನೀಡಿದ 55 ಬೆಕ್ಕುಗಳ ಪೈಕಿ ಶೇಕಡ 64ರಷ್ಟು ಇನ್ಸುಲಿನ್ನಿನ ಹಂಗಿಲ್ಲದೆ ಬದುಕುವಂತಾದವು; ರೋಗ ತಿಳಿದ ಆರು ತಿಂಗಳೊಳಗೆ ಈ ಕಟ್ಟುನಿಟ್ಟಿನ ಕ್ರಮವನ್ನು ಹಿಡಿದವುಗಳಲ್ಲಿ ಆ ಪ್ರಮಾಣ ಶೇಕಡ 84. ಕಾಲವಿಳಂಬ ಮಾಡದಿರುವುದೇ ಅರ್ಧ ಚಿಕಿತ್ಸೆ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಡ. ಅಮೆರಿಕದಲ್ಲಿ 2022ರ ಡಿಸೆಂಬರಿನಿಂದ ಬಾಯಿಯ ಮೂಲಕ ಕೊಡುವ ಔಷಧಗಳಿಗೂ ಒಪ್ಪಿಗೆ ದೊರೆತಿದೆ. ಆದರೆ ಅವು ಎಲ್ಲ ಬೆಕ್ಕುಗಳಿಗೂ ಸಲ್ಲತಕ್ಕವಲ್ಲ, ಅವುಗಳಿಗೂ ಇಂಥದೇ ಜಾಗರೂಕತೆ ಬೇಕು.

ಸೂಜಿ ನಿಂತ ಮೇಲೂ ಪಥ್ಯ ನಿಲ್ಲಬಾರದು, ಆಗಾಗ ಸಕ್ಕರೆ ನೋಡುವುದೂ ನಿಲ್ಲಬಾರದು. ರೋಗ ಮರಳಿ ಬರುವುದುಂಟು. ಆದರೆ ಈ ಅಭ್ಯಾಸವನ್ನು ಒಮ್ಮೆ ಕಲಿತ ಮನೆ ಕಲಿತದ್ದು ಬೆಕ್ಕಿನ ಶುಶ್ರೂಷೆಯನ್ನು ಮಾತ್ರವಲ್ಲ. ಸಿರಿಂಜಿನ ಮುಚ್ಚಳದ ಬಣ್ಣವನ್ನು ಗಮನಿಸುವ ಕಣ್ಣು, ಊಟಕ್ಕೂ ಔಷಧಕ್ಕೂ ಹೊತ್ತನ್ನು ಹೊಂದಿಸುವ ನಿಯಮ, ಸಕ್ಕರೆ ಇಳಿದಾಗಿನ ನಡುಕವನ್ನು ತತ್‌ಕ್ಷಣ ಗುರುತಿಸುವ ತಿಳಿವಳಿಕೆ, ಇವೆಲ್ಲ ಅದೇ ಯಂತ್ರವನ್ನೂ ಅದೇ ಔಷಧವನ್ನೂ ಬಳಸುವ ಮನೆಯ ಹಿರಿಯರಿಗೂ ಒದಗುತ್ತವೆ; ಬೆಕ್ಕಿನ ಬಟ್ಟಲಿನ ನೀರು ಎಷ್ಟು ಇಳಿಯಿತೆಂದು ನೋಡುವ ಮಕ್ಕಳು ಅಜ್ಜಿ ಮಾತ್ರೆ ನುಂಗಿ ಉಣ್ಣದೆ ಕುಳಿತಿದ್ದಾಳೆಯೇ ಎಂಬುದನ್ನೂ ನೋಡುವವರಾಗುತ್ತಾರೆ.