ಕಳಿಸಿದ್ದು ನಮ್ಮ ಡ್ರೋನ್, ಬಂದದ್ದು ಯಾರದ್ದು?

ಸುಲ್ತಾನ್ ಬತ್ತೇರಿ: ಪಾರ್ಸೆಲ್ ಬಂದ ದಿನ ಮನೆಯಲ್ಲಿ ಸಂಭ್ರಮವಿತ್ತು. ಮೂರು ವಾರದ ಹಿಂದೆ ರಿಪೇರಿಗೆ ಹೋಗಿದ್ದ ಡ್ರೋನ್ ವಾಪಸಾಗಿತ್ತು. ಪೆಟ್ಟಿಗೆ ಬಿಚ್ಚಿದರೆ ಅದೇ ಮಾದರಿ, ಅದೇ ಬೂದು ಬಣ್ಣ. ಆದರೆ ಒಳಗಿನ ಸೀರಿಯಲ್ ನಂಬರ್ ಬೇರೆ! ತೋಳಿನ ಮೇಲೆ ಅಂಟಿಸಿದ್ದ ಸ್ಟುಡಿಯೋ ಸ್ಟಿಕ್ಕರ್ ಮಾಯ. ಜತೆಗಿದ್ದ ಚೀಟಿಯಲ್ಲಿ ಇದ್ದದ್ದು ಇಷ್ಟೇ: ಯಂತ್ರವನ್ನು ಬದಲಿಸಿ ಕೊಡಲಾಗಿದೆ, ಉಳಿದ ಅವಧಿಗೆ ವಾರಂಟಿ ಮುಂದುವರಿಯುತ್ತದೆ.

ಬತ್ತೇರಿ ಸಮೀಪದ ಈ ಯುವ ಛಾಯಾಗ್ರಾಹಕರದ್ದು ಕನ್ನಡ ಮನೆಮಾತಿನ ಕುಟುಂಬ. ಗಡಿಯ ಈಚೆ ಆಚೆ ಎರಡೂ ಕಡೆ ಮದುವೆ ಕೆಲಸ. ವಯನಾಡಿನ ಅನೇಕ ಜೈನ ಮನೆತನಗಳ ಮೂಲ ಕರ್ನಾಟಕವೇ. ಮನೆಯೊಳಗೆ ಕನ್ನಡ ಇನ್ನೂ ಉಳಿದಿದೆ. ಹೆಣ್ಣು ತರುವುದು ಕೊಡುವುದು ಮೈಸೂರು, ಗುಂಡ್ಲುಪೇಟೆ ಕಡೆಗೂ ನಡೆಯುತ್ತದೆ. ಹೀಗಾಗಿ ಕನ್ನಡ ಬಲ್ಲ ಛಾಯಾಗ್ರಾಹಕನಿಗೆ ಸೀಸನ್‌ನಲ್ಲಿ ಬಿಡುವಿಲ್ಲ. ಈಗಂತೂ ಚಪ್ಪರವನ್ನು ಮೇಲಿನಿಂದ ತೋರಿಸದಿದ್ದರೆ ಮದುವೆ ವಿಡಿಯೋಗೆ ಬೆಲೆಯೇ ಇಲ್ಲ ಎಂಬಂತಾಗಿದೆ.

ಅವರಿಗೆ ಯಂತ್ರ ಬದಲಾದದ್ದಕ್ಕಿಂತ ಹೆಚ್ಚು ಸಂಕಟವಾದದ್ದು ಇನ್ನೊಂದಕ್ಕೆ. ಗುಂಡ್ಲುಪೇಟೆ ಬಳಿಯ ಒಂದು ಮದುವೆಯಲ್ಲಿ ಮೆಮೊರಿ ಕಾರ್ಡ್ ತುಂಬಿದ್ದರಿಂದ ಕೊನೆಯ ದೃಶ್ಯಗಳು ಡ್ರೋನ್‌ನ ಒಳಗಿನ ಮೆಮೊರಿಯಲ್ಲೇ ಉಳಿದಿದ್ದವು. ಅಷ್ಟರಲ್ಲಿ ಕ್ಯಾಮೆರಾ ಹಿಡಿದಿಡುವ ಗಿಂಬಲ್ ನಡುಗತೊಡಗಿತು. ಯಂತ್ರ ಆನ್ ಮಾಡಿದರೆ ಎಚ್ಚರಿಕೆಯ ಸಂದೇಶ. ಮುಂದಿನ ಮದುವೆಯ ಅವಸರದಲ್ಲಿ ಕಾರ್ಡ್ ಒಂದನ್ನು ತೆಗೆದಿಟ್ಟುಕೊಂಡು ಯಂತ್ರವನ್ನು ಅಂಗಡಿಯವರ ಮೂಲಕ ಬೆಂಗಳೂರಿಗೆ ಕಳಿಸಿಬಿಟ್ಟರು. ಹಳೆಯ ಡ್ರೋನ್ ಹೋಯಿತು, ಅದರ ಹೊಟ್ಟೆಯಲ್ಲಿದ್ದ ಧಾರೆಯೂ ಹೋಯಿತು. ಮದುಮಗಳ ತಾಯಿಯಿಂದ ಈಗ ದಿನಕ್ಕೊಂದು ಫೋನು: 'ಅಲ್ಲ ಕಣಪ್ಪಾ, ಮ್ಯಾಲಿಂದ ತೆಗ್ದಿದ್ದು ಎಲ್ಲೋಯ್ತು?'

ಬದಲಿ ಬರುವುದು ಹೇಗೆ?

ಕಂಪೆನಿಗಳು ಇದನ್ನು ಕದ್ದುಮುಚ್ಚಿ ಮಾಡುವುದಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ರಿಪೇರಿಗೆ ಬಂದ ಯಂತ್ರದ ಕೆಟ್ಟ ಭಾಗ ತೆಗೆದು, ಹೊಸದು ಹಾಕಿ, ಹಾರಿಸಿ ನೋಡಿ, ದಾಸ್ತಾನಿನಲ್ಲಿ ಇಡುತ್ತಾರೆ. ಇದಕ್ಕೇ ರಿಫರ್ಬಿಶ್ಡ್ ಎಂಬ ಹೆಸರು. ಮುಂದಿನ ಗ್ರಾಹಕನ ಯಂತ್ರ ಬಂದಾಗ ಅದನ್ನು ಬಿಚ್ಚಿ ಕೂರುವ ಬದಲು ಸಿದ್ಧವಾಗಿರುವ ಇನ್ನೊಂದನ್ನು ಕೊಟ್ಟು ಕಳಿಸುತ್ತಾರೆ. ಅವನದು ದಾಸ್ತಾನಿಗೆ ಸೇರುತ್ತದೆ. ಮೊಬೈಲು, ಲ್ಯಾಪ್‌ಟಾಪ್‌ಗಳಲ್ಲಿ ಬಹಳ ವರ್ಷಗಳಿಂದ ನಡೆದುಬಂದ ಪದ್ಧತಿಯಿದು. ವಾರಂಟಿ ಕಾರ್ಡಿನ ಸಣ್ಣ ಅಕ್ಷರಗಳಲ್ಲಿ 'ಹೊಸದು ಅಥವಾ ಹೊಸದಕ್ಕೆ ಸಮಾನವಾದದ್ದು' ಎಂಬರ್ಥದ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಬದಲಿ ಸಿಕ್ಕ ದಿನದಿಂದ ಹೊಸ ವಾರಂಟಿ ಶುರುವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಬಹುತೇಕ ಕರಾರುಗಳಲ್ಲಿ ಹಾಗಿಲ್ಲ, ಮೊದಲಿನದರಲ್ಲಿ ಉಳಿದಷ್ಟೇ ತಿಂಗಳು.

ಗ್ರಾಹಕನಿಗೆ ಇದರಲ್ಲಿ ಲಾಭವೂ ಇದೆ. ಬೇಗ ಕೈಗೆ ಬರುತ್ತದೆ. ಆದರೆ 'ನಿಮ್ಮದು ವಾಪಸ್ ಬರುವುದಿಲ್ಲ, ಒಳಗಿನದನ್ನು ತೆಗೆದಿಟ್ಟುಕೊಳ್ಳಿ' ಎಂಬ ಒಂದು ಮಾತನ್ನು ಕೌಂಟರಿನಲ್ಲೇ ಹೇಳಿದ್ದರೆ ಗುಂಡ್ಲುಪೇಟೆಯ ಧಾರೆ ಉಳಿಯುತ್ತಿತ್ತು. ಆ ಮಾತನ್ನು ಹೇಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಮಂಜು, ಮಳೆ ಮತ್ತು ಕಾಡು

ವಯನಾಡಿನಲ್ಲಿ ಡ್ರೋನ್ ಹಾರಿಸುವುದೇ ಒಂದು ಕಸರತ್ತು. ಬೆಳಿಗ್ಗೆ ಕಣಿವೆಯಿಂದ ಮಂಜು ಏಳುತ್ತದೆ. ನೋಡಲು ಚೆಂದ, ಯಂತ್ರಕ್ಕೆ ಕೇಡು. ತೇವ ಒಳಗೆ ಇಳಿದರೆ ಸರ್ಕ್ಯೂಟ್ ಬೋರ್ಡ್ ಮೇಲೆ ಹಸಿರು ಪಾಚಿಯಂತೆ ತುಕ್ಕು ಕಟ್ಟುತ್ತದೆ. ಬಿಚ್ಚಿದ ಕೂಡಲೇ ಅದು ಕಾಣುತ್ತದೆ, ನೀರು ತಾಗಿದ ಯಂತ್ರಕ್ಕೆ ವಾರಂಟಿ ಇಲ್ಲ. ಮರಕ್ಕೆ ಬಡಿದು ಬಿದ್ದರೂ ಇಲ್ಲ. ಸುಳ್ಳು ಹೇಳಿ ಪ್ರಯೋಜನವಿಲ್ಲ. ವಿಮಾನದ ಕಪ್ಪು ಪೆಟ್ಟಿಗೆಯ ಹಾಗೆ ಡ್ರೋನ್ ಕೂಡ ಎಷ್ಟು ಎತ್ತರದಲ್ಲಿತ್ತು, ಯಾವ ಕ್ಷಣ ಯಾವ ಮೋಟಾರು ನಿಂತಿತು, ಕೈಯಲ್ಲಿನ ರಿಮೋಟಿನಿಂದ ಏನು ಆಜ್ಞೆ ಹೋಯಿತು ಎಂಬುದನ್ನೆಲ್ಲ ಬರೆದಿಟ್ಟುಕೊಂಡಿರುತ್ತದೆ. ದೋಷ ಯಂತ್ರದ್ದೇ ಆದರೆ ಇದೇ ದಾಖಲೆ ಗ್ರಾಹಕನ ಸಾಕ್ಷಿಯೂ ಹೌದು. ಕಳಿಸುವ ಮುನ್ನ ಅದರ ಪ್ರತಿ ಇಳಿಸಿಕೊಳ್ಳುವುದು ಜಾಣತನ.

ಕಾಡಿನೊಳಗೆ ಬಿದ್ದರಂತೂ ಕಥೆ ಮುಗಿಯಿತು. 344 ಚದರ ಕಿಲೋಮೀಟರಿನ ವಯನಾಡು ವನ್ಯಜೀವಿ ಧಾಮ ಮುತ್ತಂಗ, ಬತ್ತೇರಿ, ಕುರಿಚ್ಯಾಡ್, ತೋಲ್ಪೆಟ್ಟಿ ವಲಯಗಳಲ್ಲಿ ಹರಡಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಹಾರಿಸುವಂತಿಲ್ಲ, ಬಿದ್ದದ್ದನ್ನು ಹುಡುಕಲು ಒಳಗೆ ನುಗ್ಗುವಂತೆಯೂ ಇಲ್ಲ.

ಇನ್ನು ಸಾಗಾಟ. ಜಿಲ್ಲೆಗೆ ರೈಲಿಲ್ಲ, ವಿಮಾನ ನಿಲ್ದಾಣವಿಲ್ಲ. ಪಾರ್ಸೆಲ್ ಒಂದೋ ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವು ಇಳಿಯಬೇಕು, ಇಲ್ಲವೇ ಮುತ್ತಂಗ ದಾಟಿ ಬಂಡೀಪುರದ ಹೆದ್ದಾರಿ ಹಿಡಿಯಬೇಕು. ಅಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಲಿಥಿಯಂ ಬ್ಯಾಟರಿ ಎಂದರೆ ಕೊರಿಯರ್‌ನವರು ಹಿಂದೆಮುಂದೆ ನೋಡುತ್ತಾರೆ. ಉಬ್ಬಿದ ಬ್ಯಾಟರಿಯಾದರೆ ವಿಮಾನಕ್ಕೆ ಏರಿಸುವಂತೆಯೇ ಇಲ್ಲ.

ಗಲ್ಫಿನಿಂದ ತಂದದ್ದು

ವಯನಾಡಿನ ಎಷ್ಟೋ ಮನೆಗಳಲ್ಲಿ ಒಬ್ಬರಾದರೂ ಗಲ್ಫಿನಲ್ಲಿದ್ದಾರೆ. ರಜೆಗೆ ಬರುವಾಗ ಭಾವನೋ ಚಿಕ್ಕಪ್ಪನೋ ಡ್ರೋನ್ ತಂದುಕೊಡುವುದು ಹಿಂದೆ ಸಾಮಾನ್ಯವಾಗಿತ್ತು. 2022ರ ಫೆಬ್ರುವರಿ 9ರಂದು ಕೇಂದ್ರ ಸರ್ಕಾರ ವಿದೇಶಿ ಡ್ರೋನ್‌ಗಳ ಆಮದನ್ನೇ ನಿಷೇಧಿಸಿತು. ರಕ್ಷಣೆ, ಭದ್ರತೆ, ಸಂಶೋಧನೆಯ ಬಳಕೆಗೆ ಮಾತ್ರ ವಿನಾಯಿತಿ. ಬಿಡಿಭಾಗಗಳಿಗೆ ತಡೆಯಿಲ್ಲ, ಇಡೀ ಯಂತ್ರಕ್ಕೆ ಇದೆ.

ವಾರಂಟಿಯ ಗಂಟು ಬಿಗಿಯುವುದು ಇಲ್ಲೇ. ದುಬೈಯಲ್ಲಿ ಕೊಂಡ ಯಂತ್ರ ಕೆಟ್ಟರೆ ಹೋಗುವ ಯಾರ ಕೈಯಲ್ಲಾದರೂ ಅಲ್ಲಿಗೆ ಕಳಿಸಬಹುದು. ಅಂಗಡಿಯವನು ಧಾರಾಳವಾಗಿ ಬದಲಿ ಕೊಟ್ಟ ಅಂತಲೇ ಇಟ್ಟುಕೊಳ್ಳಿ. ಅದು ಕರಿಪ್ಪೂರಿನಲ್ಲೋ ಕಣ್ಣೂರಿನಲ್ಲೋ ಇಳಿಯುವಾಗ ಕಸ್ಟಮ್ಸ್‌ನವರ ಕಣ್ಣಿಗೆ ಅದೊಂದು ಆಮದಾದ ಡ್ರೋನ್. ಹಳೆಯ ಬಿಲ್ಲು ತೋರಿಸಿದರೂ ನಂಬರ್ ಹೊಂದುವುದಿಲ್ಲ. ಹೀಗಾಗಿ ಗಲ್ಫಿನ ವಾರಂಟಿ ಕಾರ್ಡು ಇಲ್ಲಿ ಕಪಾಟಿನ ಅಲಂಕಾರಕ್ಕೆ ಮಾತ್ರ. ಕೊನೆಗೆ ದಾರಿ ಕೋಯಿಕ್ಕೋಡ್ ಅಥವಾ ಬೆಂಗಳೂರಿನ ಎಸ್.ಪಿ. ರೋಡಿನ ಕಡೆಗೆ. ಅಲ್ಲಿ ಬಿಡಿಭಾಗ ಹಾಕಿಕೊಡುವ ಕೈಗಳಿವೆ, ಖರ್ಚು ಸ್ವಂತದ್ದು.

ನಂಬರ್ ಬದಲಾದರೆ ಬರೀ ಭಾವನೆಯ ಪ್ರಶ್ನೆಯಲ್ಲ. 2021ರ ಆಗಸ್ಟ್‌ನ ಡ್ರೋನ್ ನಿಯಮಗಳ ಪ್ರಕಾರ ನೋಂದಣಿಯಾದ ಪ್ರತಿ ಯಂತ್ರಕ್ಕೂ ಒಂದು ವಿಶಿಷ್ಟ ಗುರುತಿನ ಸಂಖ್ಯೆ ಇರುತ್ತದೆ. ಅದು ತಯಾರಕರ ಸೀರಿಯಲ್ ನಂಬರ್, ಒಳಗಿನ ನಿಯಂತ್ರಣ ಘಟಕದ ನಂಬರ್, ರಿಮೋಟಿನ ನಂಬರ್ ಮೂರಕ್ಕೂ ಅಂಟಿಕೊಂಡಿರುತ್ತದೆ. ನಿಯಂತ್ರಣ ಘಟಕವೊಂದನ್ನೇ ಬದಲಿಸಿದರೂ ಮತ್ತೆ ಹಾರಿಸುವ ಮುನ್ನ ಸರ್ಕಾರದ ದಾಖಲೆಯಲ್ಲಿ ತಿದ್ದಿಸಬೇಕು. ಇಡೀ ಯಂತ್ರವೇ ಬದಲಾದರೆ ಕೇಳಬೇಕೇ? ಪೊಲೀಸರು ತಡೆದು ಕೇಳಿದಾಗ ಕಾಗದದಲ್ಲಿ ಒಂದು, ಕೈಯಲ್ಲಿ ಇನ್ನೊಂದು ಇದ್ದರೆ ಉತ್ತರ ಹೇಳಬೇಕಾದವನು ಮಾಲೀಕ. ವಿಮೆ ಪಾಲಿಸಿಯಲ್ಲೂ ಇದೇ ಕಥೆ.

ಔಷಧಿ ಸಿಂಪಡಿಸುವ ದೊಡ್ಡ ಡ್ರೋನ್‌ಗಳ ಸ್ಥಿತಿ ಕೊಂಚ ಮೇಲು. ಮಹಿಳಾ ಸ್ವಸಹಾಯ ಸಂಘಗಳಿಗಾಗಿ ಕೇಂದ್ರ ತಂದ 'ನಮೋ ಡ್ರೋನ್ ದೀದಿ' ಯೋಜನೆಯಲ್ಲಿ ಬೆಲೆಯ ಶೇ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ಸಹಾಯಧನವಿದೆ. ಅದರ ಜತೆಗೇ ಒಂದು ವರ್ಷದ ಸ್ಥಳದಲ್ಲೇ ವಾರಂಟಿ, ವಿಮೆ, ಎರಡು ವರ್ಷದ ನಿರ್ವಹಣಾ ಒಪ್ಪಂದವನ್ನೂ ಸೇರಿಸಲಾಗಿದೆ. ಅಂದರೆ ಯಂತ್ರ ಮೆಕ್ಯಾನಿಕ್ ಬಳಿ ಹೋಗುವುದಲ್ಲ, ಮೆಕ್ಯಾನಿಕ್ ಗದ್ದೆಗೆ ಬರಬೇಕು. ಮದುವೆ ಡ್ರೋನಿಗೆ ಆ ಭಾಗ್ಯವಿಲ್ಲ.

ಕಲ್ಪೆಟ್ಟದಲ್ಲೇ ದೂರು

ಗಡಿಯವರಿಗೆ ಉಪಯೋಗಕ್ಕೆ ಬರುವ ಒಂದು ಸಂಗತಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿದೆ. ವಸ್ತು ಕೊಂಡದ್ದು ಮೈಸೂರಿನಲ್ಲೇ ಇರಲಿ, ಬೆಂಗಳೂರಿನಲ್ಲೇ ಇರಲಿ, ಗ್ರಾಹಕ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಯನಾಡಿನವರಿಗೆ ಅದು ಕಲ್ಪೆಟ್ಟದ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು.

ಡ್ರೋನ್‌ನಿಂದ ದುಡಿಯುವವನು ವ್ಯಾಪಾರಿ, ಗ್ರಾಹಕನಲ್ಲ ಎಂಬ ವಾದ ಎದುರಿನಿಂದ ಬರಬಹುದು. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡದ್ದು ವಾಣಿಜ್ಯ ಉದ್ದೇಶವಲ್ಲ ಎಂದು ಕಾಯ್ದೆಯೇ ಹೇಳಿದೆ. ದೋಷ ಸಾಬೀತಾದರೆ ಆಯೋಗ ಮೂರರಲ್ಲಿ ಒಂದನ್ನು ಹೇಳಬಹುದು: ದೋಷ ಸರಿಪಡಿಸಿ, ದೋಷವಿಲ್ಲದ ಹೊಸ ವಸ್ತು ಕೊಡಿ, ಇಲ್ಲವೇ ಹಣ ವಾಪಸ್ ಮಾಡಿ. ಇಲ್ಲಿ ಕಾಯ್ದೆ ಬಳಸಿರುವ ಪದ 'ಹೊಸ'. ವಾರಂಟಿ ಕಾರ್ಡಿನ 'ಸಮಾನ'ಕ್ಕೂ ಇದಕ್ಕೂ ಇರುವ ಅಂತರವೇ ಜಗಳದ ಮೂಲ. ಅದಕ್ಕೆ ಮುಂಚೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕನ್ನಡದಲ್ಲೇ ಫೋನ್ ಮಾಡಬಹುದು, ಮಲಯಾಳ ಬರೆಯಲು ಬಾರದ ಹಿರಿಯರಿಗೂ ಅಡ್ಡಿಯಿಲ್ಲ.

ಬತ್ತೇರಿಯ ಛಾಯಾಗ್ರಾಹಕರು ಸದ್ಯಕ್ಕೆ ಆಯೋಗದ ಮೆಟ್ಟಿಲು ಹತ್ತಿಲ್ಲ. ಬದಲಿ ಡ್ರೋನ್ ಚೆನ್ನಾಗಿಯೇ ಹಾರುತ್ತಿದೆ, ಅದನ್ನು ಅವರೂ ಒಪ್ಪುತ್ತಾರೆ. ಹಳೆಯದರ ಮೆಮೊರಿ ಸಿಕ್ಕೀತೇ ಎಂದು ಅಂಗಡಿಯವರಿಂದ ವಿಚಾರಿಸಿದ್ದಕ್ಕೆ, ಎಲ್ಲವನ್ನೂ ಅಳಿಸಿಯೇ ದಾಸ್ತಾನಿಗೆ ಹಾಕುವುದು ಎಂಬ ಉತ್ತರ ಬಂದಿದೆ. ಗುಂಡ್ಲುಪೇಟೆಯವರು ಕೊನೆಗೆ ಒಂದು ರಾಜಿಗೆ ಬಂದಿದ್ದಾರೆ. ಮಗಳು ಅಳಿಯ ಮೊದಲ ಹಬ್ಬಕ್ಕೆ ಮನೆಗೆ ಬಂದಾಗ ಮನೆ, ತೋಟ, ನೆಂಟರನ್ನು ಮೇಲಿನಿಂದ ತೆಗೆದುಕೊಡಬೇಕು, ದುಡ್ಡು ಕೇಳುವಂತಿಲ್ಲ. ಅವರು ಒಪ್ಪಿದ್ದಾರೆ. ಎರಡು ಕಾರ್ಡು ಕಟ್ಟಿಕೊಂಡು ಹೋಗಿ, ರಾತ್ರಿ ಒಂಬತ್ತಕ್ಕೆ ಗೇಟು ಬೀಳುವ ಮೊದಲು ಮುತ್ತಂಗ ದಾಟಿ ವಾಪಸಾಗಬೇಕು.