ಖಾಯಂ ವಿಳಾಸ

ಪುಣೆಗೆ ಬಂದು ಹದಿಮೂರು ವರ್ಷಗಳಾದವು. ಈಗಲೂ ಯಾವುದಾದರೂ ಅರ್ಜಿಯಲ್ಲಿ 'ಖಾಯಂ ವಿಳಾಸ' ಎಂಬ ಕಾಲಂ ಕಂಡರೆ ಕೈ ತಾನಾಗಿಯೇ ಹಾಸನ ಜಿಲ್ಲೆಯ ನಮ್ಮೂರಿನ ಹೆಸರು ಬರೆಯುತ್ತದೆ. ಅಲ್ಲಿ ಮನೆಯಿದೆ, ಅಮ್ಮ ಇದ್ದಾಳೆ, ಹಬ್ಬಕ್ಕೆ ಹೋಗಲು ಬಸ್ಸಿದೆ. ನಾವು ಊರು ಬಿಟ್ಟು ಬಂದಿದ್ದರೂ ಊರು ನಮ್ಮನ್ನು ಬಿಟ್ಟಿಲ್ಲ ಎಂಬ ಧೈರ್ಯ ನಮಗಿದೆ. ಆ ಧೈರ್ಯವೂ ಇಲ್ಲದವರ ಪಾಡೇನು?

2011ರಲ್ಲಿ ಆರಂಭವಾದ ಯುದ್ಧ ಸಿರಿಯಾದ ಅರ್ಧಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿತು. ದಕ್ಷಿಣದ ದರಾ ಪ್ರಾಂತ್ಯದಿಂದ ಗಡಿ ದಾಟಿದ ಅನೇಕರಿಗೆ ಜೋರ್ಡಾನ್‌ನ ಜಾತರಿ ಶಿಬಿರವೇ ನೆಲೆಯಾಯಿತು. 2012ರ ಜುಲೈನಲ್ಲಿ ಶುರುವಾದಾಗ ಅಲ್ಲಿದ್ದದ್ದು ಬರೀ ಗುಡಾರಗಳು. ಆಮೇಲೆ ಸಾಲು ಸಾಲಾಗಿ ತಗಡಿನ ಸಿದ್ಧ ಕೋಣೆಗಳು ಬಂದವು. ಜನ ಸುಮ್ಮನಿರಲಿಲ್ಲ. ಆ ಕೋಣೆಗಳನ್ನು ಎಳೆದು, ತಿರುಗಿಸಿ, ಎದುರುಬದುರು ನಿಲ್ಲಿಸಿ ನಡುವೆ ಅಂಗಳ ಮಾಡಿಕೊಂಡರು. ಕೆಲವರು ಪುಟ್ಟ ಕಾರಂಜಿಯನ್ನೂ ಕಟ್ಟಿದರು.

ಟ್ಯಾಂಕರ್ ನೀರಿಗೆ ಕಾಯುತ್ತಿದ್ದ ಜಾಗದಲ್ಲಿ ಕಾರಂಜಿ ಯಾಕೆ? ಸಿರಿಯಾದ ಹಳೆಯ ಮನೆಗಳಲ್ಲಿ ನಡುವೆ ಅಂಗಳ, ಅಂಗಳದಲ್ಲಿ ಕಾರಂಜಿ. ನಮ್ಮ ತೊಟ್ಟಿಮನೆ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೂರು ಕೊಟ್ಟರೆ ಮಳೆ ಬಿಸಿಲು ತಪ್ಪೀತು. ಬಂದವರಿಗೆ 'ಬನ್ನಿ, ಕೂತ್ಕೊಳ್ಳಿ' ಎನ್ನಲು ಮನೆಯೇ ಬೇಕು.

ಸಾಫ್ಟ್‌ವೇರ್‌ನಲ್ಲೇ ಬದುಕುವ ನನ್ನನ್ನು ಕಾಡಿದ್ದು ಇನ್ನೊಂದು ಸಂಗತಿ. 2016ರಲ್ಲಿ ಜಾತರಿಯ ಸೂಪರ್‌ಮಾರ್ಕೆಟ್‌ಗಳಲ್ಲಿ ನಿರಾಶ್ರಿತರು ಕಣ್ಣು ಸ್ಕ್ಯಾನ್ ಮಾಡಿಸಿ ದಿನಸಿ ಕೊಳ್ಳತೊಡಗಿದರು. ಕಾರ್ಡ್ ಬೇಡ, ಪಿನ್ ಬೇಡ. ಇವರು ಯಾರೆಂದು ಯಂತ್ರ ಕ್ಷಣದಲ್ಲಿ ಹೇಳುತ್ತಿತ್ತು. ಬಿಟ್ಟು ಬಂದ ಮನೆ ಇವರದೇ ಎಂದು ಹೇಳುವವರು ಯಾರು?

2018ರಲ್ಲಿ ಸಿರಿಯಾ ಸರ್ಕಾರ 10ನೇ ಸಂಖ್ಯೆಯ ಕಾನೂನು ತಂದಿತು. ಪುನರಾಭಿವೃದ್ಧಿಗೆ ಗುರುತಿಸಿದ ಪ್ರದೇಶದಲ್ಲಿ, ಭೂದಾಖಲೆಯಲ್ಲಿ ಹೆಸರಿಲ್ಲದವರು 30 ದಿನಗಳೊಳಗೆ ಒಡೆತನ ಸಾಬೀತುಪಡಿಸಬೇಕಿತ್ತು. ಟೀಕೆಗಳು ಬಂದ ಮೇಲೆ ಗಡುವು ಒಂದು ವರ್ಷವಾಯಿತು. ಊರಲ್ಲೇ ಇದ್ದುಕೊಂಡು ಒಂದು ಪಹಣಿ ತಿದ್ದಿಸಲು ನಾವು ಎಷ್ಟು ಸಲ ಕಚೇರಿ ಅಲೆಯುತ್ತೇವೆ! ಬಾಂಬಿಗೆ ಹೆದರಿ ಉಟ್ಟ ಬಟ್ಟೆಯಲ್ಲಿ ಓಡಿದವರು ಗಡಿಯಾಚೆಯಿಂದ ಯಾವ ಕಾಗದ ತೋರಿಸಬೇಕು?

2024ರ ಡಿಸೆಂಬರ್‌ನಲ್ಲಿ ಅಸ್ಸಾದ್ ಆಡಳಿತ ಕುಸಿಯಿತು. ಲಕ್ಷಾಂತರ ಜನ ಮರಳಿದ್ದಾರೆ. ಎಷ್ಟೋ ಕಡೆ ಅವರನ್ನು ಎದುರುಗೊಂಡದ್ದು ಕಲ್ಲುಮಣ್ಣಿನ ರಾಶಿ. ಶಿಬಿರದಲ್ಲೇ ಹುಟ್ಟಿ ಬೆಳೆದ ಮಕ್ಕಳಿಗಂತೂ ಇದು 'ಮರಳುವುದು' ಕೂಡ ಅಲ್ಲ. ತಾವು ಕಾಣದ ಊರಿಗೆ, ತಮ್ಮ ಪಾಲಿನ ಏಕೈಕ ಮನೆಯನ್ನು ಬಿಟ್ಟು ಹೊರಡುವುದು.

ಮೊನ್ನೆ ಮಗಳ ಶಾಲೆಯ ಅರ್ಜಿ ತುಂಬುವಾಗ ಊರಿನ ಪಿನ್‌ಕೋಡ್ ಮರೆತುಹೋಗಿತ್ತು. ಅಮ್ಮನಿಗೆ ಫೋನ್ ಮಾಡಿದೆ. "ಅಷ್ಟೂ ಮರ್ತೋಯ್ತೇನೋ?" ಎಂದು ಬೈದು ಹೇಳಿದಳು. ಬೈಸಿಕೊಂಡು ಬರೆದುಕೊಂಡೆ. ಆ ಆರು ಅಂಕಿಗಳನ್ನು ಬರೆಯುವಾಗ ಅಷ್ಟು ನಿಧಾನವಾಗಿ ನಾನು ಹಿಂದೆಂದೂ ಬರೆದಿರಲಿಲ್ಲ.