ನಿಮಗಿದು ಗೊತ್ತೇ? ನಾಟಕದ ಪಾಂಪ್ಲೇಟಿಗೂ ವಯಸ್ಸು ಹೇಳಬಹುದು!

ಹಳೇ ಹುಬ್ಬಳ್ಳಿಯ ಯಾವುದೋ ರದ್ದಿ ಅಂಗಡಿಯಲ್ಲಿ, ಇಲ್ಲವೇ ಅಜ್ಜನ ಟ್ರಂಕಿನ ತಳದಲ್ಲಿ ಕಂಪನಿ ನಾಟಕದ ಒಂದು ಗುಲಾಬಿ ಹಾಳೆ ಸಿಕ್ಕಿತೆನ್ನಿ. ಅದರಲ್ಲಿ ವಾರ ಇರುತ್ತದೆ, ತಾರೀಖು ಇರುತ್ತದೆ, ರಾತ್ರಿ ಎಷ್ಟು ಗಂಟೆಗೆ ಪರದೆ ಏಳುತ್ತದೆ ಎಂಬುದೂ ಇರುತ್ತದೆ. ಅನೇಕ ಸಲ ಇಸವಿ ಮಾತ್ರ ಇರುವುದಿಲ್ಲ. ನಾಳೆ ರಾತ್ರಿಯ ಆಟಕ್ಕೆ ಇಸವಿ ಯಾರಿಗೆ ಬೇಕಿತ್ತು? ಆದರೆ ಕೂಡಿಡುವವನಿಗೆ ಮೊದಲು ಬೇಕಾದದ್ದು ಅದೇ. ದಪ್ಪಕ್ಷರದ ನಟನ ಹೆಸರನ್ನು ಬಿಟ್ಟು ಅಂಚಿನ ಸಣ್ಣಕ್ಷರಕ್ಕೆ ಕಣ್ಣು ಹಾಯಿಸಿ.

● ಟಿಕೀಟಿನ ದರವೇ ಮೊದಲ ಸಾಕ್ಷಿ. ದರ ಆಣೆಯಲ್ಲಿದ್ದರೆ ಹಾಳೆ ಬಹುಮಟ್ಟಿಗೆ 1957ರ ಏಪ್ರಿಲ್ 1ಕ್ಕಿಂತ ಹಿಂದಿನದು. ಅಂದು ನಮ್ಮ ರೂಪಾಯಿ 16 ಆಣೆ ಬಿಟ್ಟು 100 ಪೈಸೆಗೆ ಬಂತು. 'ನಯೇ ಪೈಸೆ' ಅಥವಾ 'ನ.ಪೈ.' ಎಂದಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ 1964ರ ಜೂನ್ 1ರಿಂದ ಆ 'ನಯೇ' ಬಿದ್ದುಹೋಯಿತು. ಏಳು ವರ್ಷದ ಕಿಂಡಿ ನಿಮ್ಮ ಕೈಗೆ ಸಿಕ್ಕಂತಾಯಿತು. (ಜನರ ಬಾಯಲ್ಲಿ ನಾಲ್ಕಾಣೆ, ಎಂಟಾಣೆ ಆಮೇಲೂ ಬಹಳ ವರ್ಷ ಉಳಿದವು. ಅಚ್ಚಿನಲ್ಲಿ ಅಷ್ಟು ಉಳಿಯಲಿಲ್ಲ.)

● ಕಿಂಡಿ ಸಿಕ್ಕ ಮೇಲೆ ಉಳಿದದ್ದು ಬರೀ ಲೆಕ್ಕ. ಹಾಳೆಯಲ್ಲಿ 'ರವಿವಾರ ತಾ. 1 ನವ್ಹೆಂಬರ' ಎಂದಿದೆ, ದರ ನಯೇ ಪೈಸೆಯಲ್ಲಿದೆ ಎನ್ನಿ. ನಯೇ ಪೈಸೆಯ ಆ ಏಳು ವರ್ಷಗಳಲ್ಲಿ ನವೆಂಬರ್ 1 ರವಿವಾರ ಬಿದ್ದದ್ದು ಒಂದೇ ಸಲ, 1959ರಲ್ಲಿ. ಮೇಲ್ಗಡೆ ಸಂವತ್ಸರದ ಹೆಸರೂ ಇದ್ದರೆ ತಾಳೆ ನೋಡಬಹುದು: ಅದು ವಿಕಾರಿ ಆಗಿರಬೇಕು. ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ಒಂದು ಚಕ್ರ ತಪ್ಪುವ ಭಯ ಕಡಿಮೆ. ವಾರ ಮತ್ತು ತಾರೀಖಿನ ಜೋಡಿ ಹಾಗಲ್ಲ, ಐದು, ಆರು ಅಥವಾ ಹನ್ನೊಂದು ವರ್ಷಕ್ಕೇ ಮತ್ತೆ ಕೂಡಿಬಂದು ಮೋಸ ಮಾಡುತ್ತದೆ.

● ಊರಿನ ಹೆಸರಿನ ಕೆಳಗೆ ಏನಿದೆ? 'ಮುಂಬಯಿ ಇಲಾಖೆ' ಎಂದೇ, 'ಮೈಸೂರು ರಾಜ್ಯ' ಎಂದೇ, 'ಕರ್ನಾಟಕ' ಎಂದೇ? ಹುಬ್ಬಳ್ಳಿ ಮೈಸೂರು ರಾಜ್ಯ ಸೇರಿದ್ದು 1956ರ ನವೆಂಬರ್ 1ಕ್ಕೆ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ಅದೇ ದಿನ. ಪಿನ್ ಕೋಡ್ ಅಚ್ಚಾಗಿದ್ದರೆ 1972ರ ಆಗಸ್ಟ್ 15ರಿಂದೀಚೆಗಿನದು. ಗದಗಿನ ಅಥವಾ ಹಾವೇರಿಯ ಹಾಳೆಯಲ್ಲಿ 'ಜಿಲ್ಲಾ ಧಾರವಾಡ' ಎಂದಿದ್ದರೆ 1997ಕ್ಕಿಂತ ಈಚಿನದಾಗಿರುವುದು ಕಷ್ಟ.

● ಹುಬ್ಬಳ್ಳಿಯಿಂದ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಕುಂದಗೋಳ ಬ್ರಿಟಿಷರ ಆಳ್ವಿಕೆಯಲ್ಲಿರಲಿಲ್ಲ! ಅದು ದೂರದ ಜಮಖಂಡಿ ಸಂಸ್ಥಾನದ ತುಂಡು. ಲಕ್ಷ್ಮೇಶ್ವರ ಮಿರಜದ ಪಾಲು, ಶಿರಹಟ್ಟಿ ಸಾಂಗಲಿಯದು, ಸವಣೂರಿಗೆ ತನ್ನದೇ ನವಾಬ. ಒಂದು ಕಂಪನಿ ಎತ್ತಿನ ಬಂಡಿಯ ಮೇಲೆ ಪರದೆ ಹೇರಿಕೊಂಡು ಈ ನಾಲ್ಕು ಊರು ಸುತ್ತಿದರೆ ನಾಲ್ಕು ಸರಕಾರ ದಾಟಿದಂತೆ. 1948ರ ಮಾರ್ಚ್‌ನಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಹೀಗಾಗಿ ಹಾಳೆಯ ಮೇಲೆ 'ಸಂಸ್ಥಾನ' ಎಂಬ ಶಬ್ದ ಕಂಡರೆ ಅದನ್ನು ಬೇರೆ ಕಡತದಲ್ಲಿಡಿ. ನನ್ನ ಮಟ್ಟಿಗೆ, ನಮ್ಮ ಭಾಗದ ಹಾಳೆಗಳಲ್ಲಿ ಎಲ್ಲಕ್ಕಿಂತ ಆಸೆ ಹುಟ್ಟಿಸುವವು ಇವೇ.

● ಗಡಿಯಾರವನ್ನೂ ನಂಬುವಂತಿಲ್ಲ. ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ಇಡೀ ದೇಶದ ಗಡಿಯಾರ ಒಂದು ತಾಸು ಮುಂದಿತ್ತು. ಆಗಿನ 'ರಾತ್ರಿ 9' ಈಗಿನ ಎಂಟು ಗಂಟೆ.

● ಗುಬ್ಬಿ ಕಂಪನಿಯ ಹಾಳೆಯನ್ನು 'ಗ' ಅಕ್ಷರದಡಿ ಹುಡುಕಬೇಡಿ. ಅದರ ಪೂರ್ತಿ ಹೆಸರು ಶ್ರೀ ಚೆನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ. ಗದಗಿನ ಗರುಡ ಸದಾಶಿವರಾಯರದು ದತ್ತಾತ್ರೇಯ ನಾಟಕ ಮಂಡಳಿ. ವಾಮನರಾವ್ ಮಾಸ್ತರರದು ವಿಶ್ವಗುಣಾದರ್ಶ. ಏಣಗಿ ಬಾಳಪ್ಪನವರದು ಕಲಾವೈಭವ ನಾಟ್ಯ ಸಂಘ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಕಂಪನಿಯ ಮೂರು ಅಕ್ಷರದೊಳಗೆ ಕುಳಿತವರು ಗುರು ಕರಿಬಸವರಾಜೇಂದ್ರರು. ಜನ ಕರೆದದ್ದು ಊರಿನ ಇಲ್ಲವೇ ಮಾಲಕರ ಹೆಸರಿನಿಂದ, ಅಚ್ಚಾದದ್ದು ಬೇರೆಯೇ ಹೆಸರಿನಿಂದ. ಕೂಡಿಡುವವರು ಎರಡೂ ಹೆಸರು ಬರೆದಿಡದಿದ್ದರೆ ಮಕ್ಕಳ ಕಾಲಕ್ಕೆ ಒಂದೇ ಕಂಪನಿ ಎರಡಾಗುತ್ತದೆ.

● ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ನ್ಯೂಯಾರ್ಕ್‌ನ ನಾಟಕಮಂದಿರಗಳಲ್ಲಿ ಇಂದಿಗೂ ಪ್ರೇಕ್ಷಕರ ಕೈಗೆ ಕೊಡುವ 'ಪ್ಲೇಬಿಲ್' ಪುಸ್ತಿಕೆ ಶುರುವಾದದ್ದೂ ಅದೇ ವರ್ಷ. ಅಲ್ಲಿ ಅದು ಪುಕ್ಕಟೆ. ಲಂಡನ್ನಿನಲ್ಲಿ ಅಂಥದ್ದೇ ಪುಸ್ತಿಕೆಗೆ ದುಡ್ಡು ಕೊಡಬೇಕು. ನಮ್ಮಲ್ಲಿ ಪಾಂಪ್ಲೇಟು ಪುಕ್ಕಟೆಯಾಗಿತ್ತು, ಅದನ್ನು ಹಂಚುತ್ತ ಹೋಗುವ ಟಾಂಗಾದ ಹಿಂದೆ ಓಡುವ ದಮ್ಮು ಮಾತ್ರ ನಿಮ್ಮದೇ.

● ಲಂಡನ್ನಿನ ಸುಗಂಧ ವ್ಯಾಪಾರಿ ಯುಜೀನ್ ರಿಮ್ಮೆಲ್ 1860ರ ದಶಕದಲ್ಲಿ ನಾಟಕದ ಕಾರ್ಯಕ್ರಮ ಪತ್ರಿಕೆಗೇ ಅತ್ತರು ಹಚ್ಚಿ ಹಂಚುತ್ತಿದ್ದ. ನಾಟಕದ ಜತೆಗೆ ತನ್ನ ಮಾಲಿಗೂ ಜಾಹೀರಾತು!

● ಸಂಗೀತ ಕಛೇರಿಯ ಹಾಳೆ ಮಾತ್ರ ಸಾಕು, ನಾಟಕದ್ದು ಬೇಡ ಎನ್ನುವವರು ನಷ್ಟ ಮಾಡಿಕೊಳ್ಳುತ್ತಾರೆ. ಮಲ್ಲಿಕಾರ್ಜುನ ಮನಸೂರರು ಹುಡುಗರಾಗಿದ್ದಾಗ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಾಲನಟ. ಅವರ ಅಣ್ಣ ಬಸವರಾಜ ಮನಸೂರರು ರಂಗಭೂಮಿಯಲ್ಲೇ ಹೆಸರಾದವರು. ಬಸವರಾಜ ರಾಜಗುರು ಕೂಡ ಎಳೆಯ ವಯಸ್ಸಿನಲ್ಲಿ ಬಣ್ಣ ಹಚ್ಚಿದವರು. ಕುಂದಗೋಳದ ರಾಮಭಾವು ಮರಾಠಿ ಸಂಗೀತ ನಾಟಕಗಳಲ್ಲಿ ಸ್ತ್ರೀ ಪಾತ್ರ ಮಾಡಿಯೇ 'ಸವಾಯಿ ಗಂಧರ್ವ' ಎನಿಸಿಕೊಂಡದ್ದು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅವರ ಗುರುವಿನ ಹೆಸರನ್ನು ಹಳೆಯ ಹಾಳೆಯಲ್ಲಿ ಸುಭದ್ರೆಯಂಥ ಪಾತ್ರದ ಎದುರು ಹುಡುಕಬೇಕು! ಪಾತ್ರವರ್ಗದ ಕಟ್ಟಕಡೆಯ ಸಾಲಿನಲ್ಲಿ ಪುಟ್ಟ ಅಕ್ಷರದಲ್ಲಿರುವ ಬಾಲಪಾತ್ರಗಳನ್ನು ಓದದೆ ಯಾವ ಹಾಳೆಯನ್ನೂ ರದ್ದಿಯವನಿಗೆ ಹಿಂತಿರುಗಿಸಬೇಡಿ.

● ಹೆಸರು ಬದಲಾಗುವುದು ನಾಟಕದಲ್ಲಷ್ಟೇ ಅಲ್ಲ. 1930ರ ದಶಕದ ಗ್ರಾಮಾಫೋನ್ ತಟ್ಟೆಯ ಮೇಲೆ 'ಗಾಂಧಾರಿ ಹುಬ್ಬಳ್ಳಿ' ಎಂದು ಕಂಡರೆ ಬೇರಾರೋ ಎಂದು ಬಿಟ್ಟುಬರಬೇಡಿ. ಅವರು ಗಂಗೂಬಾಯಿ ಹಾನಗಲ್. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಅವರ ಮನೆ ಇದೆ, ಗುರುವಿನ ಹೆಸರಿನ ಸಭಾಭವನವೂ ಅದೇ ಬಡಾವಣೆಯಲ್ಲಿದೆ.

● ಕಂಪನಿಗಳು ಹಾಳೆಯ ಜತೆಗೆ ಹಾಡಿನ ಪುಸ್ತಕವನ್ನೂ ಅಚ್ಚು ಹಾಕಿಸಿ ಥಿಯೇಟರಿನಲ್ಲೇ ಮಾರುತ್ತಿದ್ದವು. ಅದರಲ್ಲಿ ಹಾಡು ಪೂರ್ತಿ, ಕಥೆ ನಾಲ್ಕು ಸಾಲು, ಮಾತು ಇಲ್ಲವೇ ಇಲ್ಲ. ಮಾತು ಅಚ್ಚಾದರೆ ಮುಂದಿನ ತಿಂಗಳು ಇನ್ನೊಂದು ಕಂಪನಿ ಅದೇ ನಾಟಕ ಆಡೀತು ಎಂಬ ಎಚ್ಚರ. ನಾಟಕದ ಕೈಬರಹದ ಪ್ರತಿ ಮಾಲಕರ ಪೆಟ್ಟಿಗೆಯಲ್ಲೇ ಉಳಿದು ಗೆದ್ದಲಿಗೆ ಹೋದಾಗ ಈ ತೆಳು ಪುಸ್ತಕವೇ ಏಕೈಕ ಸಾಕ್ಷಿಯಾಗುವುದುಂಟು. ಮಾರಾಟಗಾರರು ಇದನ್ನು 'ಅಪೂರ್ಣ ನಾಟಕ' ಎಂದು ಅಗ್ಗಕ್ಕೆ ಕೊಡುತ್ತಾರೆ. ಸುಮ್ಮನೆ ಕೊಂಡುಕೊಳ್ಳಿ, ಪಾಠ ಹೇಳಲು ಹೋಗಬೇಡಿ.

● ಟಿಕೀಟಿನ ತುಂಡು ಸಿಕ್ಕರೆ ಅದನ್ನೂ ಇಟ್ಟುಕೊಳ್ಳಿ. ಮುಂಬಯಿ ಪ್ರಾಂತದಲ್ಲಿ 1923ರಲ್ಲೇ ಮನರಂಜನಾ ತೆರಿಗೆಯ ಕಾಯ್ದೆ ಬಂತು. ತೆರಿಗೆ ಕಟ್ಟಿದ್ದಕ್ಕೆ ಗುರುತಾಗಿ ಟಿಕೀಟಿನ ಮೇಲೆ ಸ್ಟ್ಯಾಂಪು ಅಂಟಿಸುವುದಿತ್ತು. ಅಂಥ ತುಂಡಿಗೆ ಅಂಚೆಚೀಟಿ ಕೂಡಿಸುವವರೂ ಬೆಲೆ ಕೊಡುತ್ತಾರೆ. ಒಂದೇ ತೊಂದರೆ, ಅವರು ಸ್ಟ್ಯಾಂಪು ಕಿತ್ತುಕೊಂಡು ಟಿಕೀಟನ್ನು ಬಿಸಾಡುತ್ತಾರೆ.

● ಗದಗಿನ ವೀರೇಶ್ವರ ಪುಣ್ಯಾಶ್ರಮದ ನಾಟಕ ಕಂಪನಿಯ ಹಾಳೆಗಳದು ಬೇರೆಯೇ ತೂಕ. ಆಶ್ರಮದ ಅನ್ನ ಮತ್ತು ವಿದ್ಯೆಯ ಖರ್ಚಿಗಾಗಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ಕಟ್ಟಿ ನಡೆಸಿದರು. ಇಬ್ಬರೂ ಅಂಧರು. ಪುಟ್ಟರಾಜರು ನಾಟಕ ಬರೆದರು, ಸಂಗೀತ ಕೂಡಿಸಿದರು, ಅಂಧ ಕಲಾವಿದರು ರಂಗವೇರಿದರು. ಉಳಿದ ಕಂಪನಿಗಳ ಹಾಳೆ ಟಿಕೀಟು ಮಾರುವುದಕ್ಕಾದರೆ, ಇವರ ಹಾಳೆ ನೂರಾರು ಮಕ್ಕಳ ಊಟಕ್ಕೂ ದಾರಿಯಾಗಿತ್ತು.

● ಪಾತ್ರವರ್ಗದಲ್ಲಿ ರಾವಣನಿಂದ ದ್ವಾರಪಾಲಕನವರೆಗೆ ಎಲ್ಲರೂ ಹೆಣ್ಣುಮಕ್ಕಳೇ ಇದ್ದರೆ ಅಚ್ಚಿನ ತಪ್ಪೆಂದುಕೊಳ್ಳಬೇಡಿ. ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿ ಇರಬಹುದು. ಇದಕ್ಕೆ ಉಲ್ಟಾ ಹಾಳೆಗಳು ಅದಕ್ಕಿಂತ ಹಿಂದಿನ ಕಾಲದವು, ಎಷ್ಟು ಬೇಕಾದರೂ ಸಿಗುತ್ತವೆ.

● ಹಳ್ಳಿಯ ಹವ್ಯಾಸಿ ನಾಟಕದ ಹಾಳೆಯನ್ನು ಸಂಗ್ರಾಹಕರು ಕಡೆಗಣಿಸುತ್ತಾರೆ. ಕಲಾವಿದರಿಗೆ ಹೆಸರಿಲ್ಲ, ನಾಟಕವೂ ಹತ್ತೂರು ಆಡಿದ್ದೇ ಎಂಬುದು ಅವರ ದೂರು. ನನಗೆ ಇದು ತಪ್ಪೆನಿಸುತ್ತದೆ. ಜಾತ್ರೆಗೋ ಹಬ್ಬಕ್ಕೋ ಊರ ಹುಡುಗರು ಸ್ಟೇಜು, ಸೀನರಿ, ಡ್ರೆಸ್ಸು ಬಾಡಿಗೆಗೆ ತಂದು, ನಾಯಕಿ ಪಾತ್ರಕ್ಕೆ ಪೇಟೆಯಿಂದ ಕಲಾವಿದೆಯನ್ನು ಕರೆಸಿ ಆಡುವ ನಾಟಕದ ಹಾಳೆ ನೋಡಿ. ಮೇಲೆ ಸಾನ್ನಿಧ್ಯ ವಹಿಸುವ ಸ್ವಾಮಿಗಳು, ಆಮೇಲೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ಕೊನೆಗೆ ಪಟ್ಟಿ ಕೊಟ್ಟವರ ಉದ್ದನೆಯ ಯಾದಿ. ಪಾತ್ರಧಾರಿಗಳಿಗೆ ಉಳಿದ ಜಾಗ ಅಂಗೈಯಷ್ಟು! ಆದರೆ ಆ ಯಾದಿಯನ್ನು ಸಾವಕಾಶ ಓದಿ. ಕಿರಾಣಿ ಅಂಗಡಿಯವರು, ಟ್ರ್ಯಾಕ್ಟರ್ ಮಾಲಕರು, ಹಿಟ್ಟಿನ ಗಿರಣಿಯವರು, ಸಾಲಿ ಮಾಸ್ತರರು, ಯಾರು ಶ್ರೀಗಳಾಗಿದ್ದರು, ಯಾರು ಬರೀ ಹೆಸರಾಗಿದ್ದರು, ಎಲ್ಲ ಸಾಲಾಗಿ ನಿಂತಿರುತ್ತದೆ. ಗ್ರಾಮ ಪಂಚಾಯಿತಿಯ ದಫ್ತರದಲ್ಲಿ ಸಿಗದ ಊರು ಇದರಲ್ಲಿ ಸಿಗುತ್ತದೆ.

● ಪ್ರಯೋಗಶೀಲ ನಾಟಕಗಳ ಕಾರ್ಯಕ್ರಮ ಪತ್ರಿಕೆಯ ವಿನ್ಯಾಸವೇ ಬೇರೆ. ಅಲ್ಲಿ 'ರಂಗದ ಮೇಲೆ' ಮತ್ತು 'ರಂಗದ ಹಿಂದೆ' ಎಂದು ಎರಡು ಕಾಲಂ. ಬೆಳಕು ಬಿಟ್ಟವರ ಹೆಸರೂ ಸಿಗುತ್ತದೆ. ಧಾರವಾಡದಲ್ಲಿ ಇಂಥ ಕಾಗದ ಸಿಕ್ಕರೆ ಆಶ್ಚರ್ಯವಿಲ್ಲ. ಶ್ರೀರಂಗರು ನಾಟಕ ಬರೆದ ಊರದು, ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1961ರಲ್ಲಿ ಕಾರ್ನಾಡರ 'ಯಯಾತಿ' ಪ್ರಕಟಿಸಿದ ಊರದು.

● ಆಸ್ಟ್ರೇಲಿಯಾದಲ್ಲಿ ಅಚ್ಚಾಗಿ ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಕಾಗದ ಯಾವುದು? ಕಾಯ್ದೆಯಲ್ಲ, ಬೈಬಲ್ಲಲ್ಲ, ನಾಟಕದ ಪಾಂಪ್ಲೇಟು! ಸಿಡ್ನಿಯಲ್ಲಿ 1796ರ ಜುಲೈ 30ರಂದು ಆಡಿದ 'ಜೇನ್ ಶೋರ್' ನಾಟಕದ್ದು. ಅದು ಪತ್ತೆಯಾದದ್ದು 2007ರಲ್ಲಿ, ಅದೂ ಕೆನಡಾದ ರಾಷ್ಟ್ರೀಯ ಗ್ರಂಥಾಲಯದ ಒಂದು ಹಳೆಯ ಅಂಟುಪುಸ್ತಕದಲ್ಲಿ. ಕೆನಡಾ ಅದನ್ನು ಆಸ್ಟ್ರೇಲಿಯಾಕ್ಕೆ ಕಾಣಿಕೆಯಾಗಿ ಕೊಟ್ಟಿತು. ಬ್ರಿಟಿಷ್ ಲೈಬ್ರರಿಯಲ್ಲಿ ಇಂಥ ಹಾಳೆಗಳು ಎರಡು ಲಕ್ಷಕ್ಕೂ ಮಿಕ್ಕಿ ಇವೆ.

● ಮರಾಠಿ ರಂಗಭೂಮಿಯ ಹಾಳೆ ನಮಗೇಕೆ ಎನ್ನುವವರಿಗೆ ಎರಡು ಮಾತು. ಸಾಂಗಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ 'ಸೀತಾ ಸ್ವಯಂವರ' ಆಡಿಸಿದ್ದು ಹೊನ್ನಾವರದ ಕರ್ಕಿಯ ಮೇಳದ ಆಟ ನೋಡಿದ ಮೇಲೆ. 1880ರಲ್ಲಿ 'ಸಂಗೀತ ಶಾಕುಂತಲ' ಆಡಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಕನ್ನಡದಲ್ಲಿ ಚುರಮುರಿ ಶೇಷಗಿರಿರಾಯರ ಶಾಕುಂತಲ ಅದಕ್ಕೂ ಹತ್ತು ವರ್ಷ ಮೊದಲೇ ಬಂದಿತ್ತು.

● ಅಸಲು ಯಾವುದು, ನಕಲು ಯಾವುದು? ಹಾಳೆಯನ್ನು ತಿರುಗಿಸಿ ಬೆರಳಾಡಿಸಿ. ಮೊಳೆ ಜೋಡಿಸಿ ಟ್ರೆಡಲ್ ಮೇಲೆ ಹೊಡೆದ ಅಚ್ಚು ಹಿಂಬದಿಗೆ ಒತ್ತಿಕೊಂಡು ಸಣ್ಣಗೆ ತಾಗುತ್ತದೆ. ಝೆರಾಕ್ಸಿಗೂ ಆಫ್‌ಸೆಟ್ಟಿಗೂ ಆ ಉಬ್ಬು ಬರುವುದಿಲ್ಲ. ಕೊಂಡ ಮೇಲೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪು ಹಚ್ಚಬೇಡಿ. ಟೇಪಿನ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದದೊಳಗೆ ಇಳಿಯುತ್ತದೆ, ಲ್ಯಾಮಿನೇಶನ್ನನ್ನು ಕಾಗದ ಹಾಳಾಗದಂತೆ ಬಿಡಿಸಲು ಆಗುವುದಿಲ್ಲ. ತುಕ್ಕು ಹಿಡಿದ ಗುಂಡುಸೂಜಿಯನ್ನು ಮೊದಲು ತೆಗೆಯಿರಿ. ಎಲ್ಲಿ ಸಿಕ್ಕಿತು, ಯಾವಾಗ ಸಿಕ್ಕಿತು ಎಂಬುದನ್ನು ಹಿಂಬದಿಯ ಮೂಲೆಯಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ, ಬಾಲ್ ಪೆನ್ನಿನಿಂದ ಬೇಡ.

● ಕಟ್ಟಕಡೆಯ ಸಾಲಿನಲ್ಲಿ ಇರುವೆಯಂಥ ಅಕ್ಷರದಲ್ಲಿ ಪ್ರೆಸ್ಸಿನ ಹೆಸರು, ಊರಿನ ಹೆಸರು ಇರುತ್ತದಲ್ಲ, ಅದು ಪ್ರೆಸ್ಸಿನವರ ಜಾಹೀರಾತಲ್ಲ. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯ ಮೂರನೆಯ ಕಲಮಿನ ಕಟ್ಟಳೆ. ಅಚ್ಚಾದ ಪ್ರತಿ ಕಾಗದದ ಮೇಲೂ ಯಾರು ಅಚ್ಚು ಹಾಕಿದರು, ಎಲ್ಲಿ ಹಾಕಿದರು ಎಂಬುದು ಇರಲೇಬೇಕಿತ್ತು. ಮುಂದೆ 1876ರಲ್ಲಿ ನಾಟಕ ಪ್ರದರ್ಶನಗಳನ್ನೇ ನಿಷೇಧಿಸಬಲ್ಲ ಇನ್ನೊಂದು ಕಾಯ್ದೆ ಬಂತು, ಬಂಗಾಲದ ನಾಟಕಗಳಿಗೆ ಹೆದರಿ. ಆ ಕಾಯ್ದೆ ನಮ್ಮ ಪುಸ್ತಕದಿಂದ ಅಧಿಕೃತವಾಗಿ ಹೋದದ್ದು 2018ರಲ್ಲಿ! 1867ರದು ಇನ್ನೂ ಗಟ್ಟಿ, 2024ರ ಮಾರ್ಚ್ 1ರವರೆಗೂ ಬಾಳಿತು. ಅದರ ಜಾಗಕ್ಕೆ ಬಂದ ಹೊಸ ಕಾಯ್ದೆ ನಿಯತಕಾಲಿಕಗಳನ್ನಷ್ಟೇ ಕೇಳುತ್ತದೆ, ನಾಟಕದ ಹಾಳೆಯನ್ನು ಕೇಳುವುದಿಲ್ಲ. ಪ್ರೆಸ್ಸಿನ ಹೆಸರು ಈಗಲೂ ಕಡ್ಡಾಯವಾಗಿ ಬೇಕಾದದ್ದು ಚುನಾವಣೆಯ ಕರಪತ್ರಕ್ಕೆ.